ಕೀಲಿ ಇರುವವರು

ಲಿಫ್ಟ್ ರಿಪೇರಿಯವರಿಗೆ ಕಟ್ಟಡದ ಮಾಲೀಕರು ಯಾರು ಎಂಬುದಕ್ಕಿಂತ ಕೀಲಿ ಯಾರ ಬಳಿ ಇದೆ ಎಂಬುದು ಮುಖ್ಯ. ಮಾಲೀಕರು ಬೇರೆ ಊರಿನಲ್ಲಿರುತ್ತಾರೆ, ಫೋನ್ ಎತ್ತುವುದಿಲ್ಲ, ಎತ್ತಿದರೂ ಆಮೇಲೆ ಮಾಡಿ ಎನ್ನುತ್ತಾರೆ. ಎರಡು ಮಹಡಿಗಳ ನಡುವೆ ಒಬ್ಬ ಮನುಷ್ಯ ಸಿಕ್ಕಿಕೊಂಡಾಗ ಬೇಕಾಗುವುದು ತಾರಸಿಯ ಮೇಲಿನ ಮೆಷಿನ್ ರೂಮಿನ ಕೀಲಿ. ಅದು ಒಂದು ಕಡೆ ಕಾವಲುಗಾರನ ಸೊಂಟದಲ್ಲಿರುತ್ತದೆ, ಇನ್ನೊಂದು ಕಡೆ ನೆಲಮಹಡಿಯ ದರ್ಜಿಯ ಡ್ರಾಯರಿನಲ್ಲಿ, ಮತ್ತೊಂದು ಕಡೆ ಯಾರನ್ನೂ ನಂಬದ ನಿವೃತ್ತ ಮೇಷ್ಟರ ಜೇಬಿನಲ್ಲಿ. ಆದ್ದರಿಂದ ಕಂಪನಿಯವರಿಗೆಲ್ಲ ಸೇರಿ ಒಂದೇ ವಿಳಾಸ ಪುಸ್ತಕ ಇರಲಿ ಎಂದು ತೀರ್ಮಾನವಾದಾಗ ಹಿರಿಸೊಸೆ ಅದಕ್ಕೆ 'ಕೀಲಿ ಇರುವವರು' ಎಂದು ಹೆಸರಿಟ್ಟಳು.

ಕಂಪನಿ ಮಾವನದು. ಬೆಳೆಸಿದವನು ಅವಳ ಗಂಡ. ಗಂಡ ಹೋಗಿ ವರ್ಷವಾಗಿತ್ತು. ಅವನ ಕೋಣೆಯಲ್ಲಿ ಈಗ ಮೈದುನ ಕೂರುತ್ತಿದ್ದ, ಮೈದುನನ ಎದುರಿಗೆ ಓರಗಿತ್ತಿ. ಹಿರಿಸೊಸೆಯ ಕುರ್ಚಿ ಮಾತ್ರ ಇದ್ದಲ್ಲೇ ಇತ್ತು: ಬಿಡಿಭಾಗಗಳ ಗೋದಾಮಿನ ಮೇಲಿನ ಉದ್ದನೆಯ ಹಾಲ್‌ನಲ್ಲಿ, ಕಿಟಕಿಯ ಪಕ್ಕ. ಯಾವುದೋ ಹಳೆಯ ಲಿಫ್ಟಿನ ಜಾಲರಿ ಬಾಗಿಲನ್ನೇ ಅಲ್ಲಿ ಅಡ್ಡಗೋಡೆಯಂತೆ ನಿಲ್ಲಿಸಿದ್ದರು. ಕೆಳಗಿನಿಂದ ಗ್ರೀಸಿನ ವಾಸನೆ ಮೇಲೇರಿ ಬಂದು ಕಾಗದಗಳಿಗೆಲ್ಲ ಹತ್ತಿಕೊಳ್ಳುತ್ತಿತ್ತು.

ಅವಳ ಮೇಜಿನ ಮೇಲೆ ಎರಡು ಫೋನು. ಒಂದು ಅವಳದು, ಇನ್ನೊಂದು ಗಂಡನದು. ಎಷ್ಟೋ ಲಿಫ್ಟುಗಳ ಒಳಗೆ ಅಂಟಿಸಿದ ಸ್ಟಿಕ್ಕರಿನ ಮೇಲೆ ಇದ್ದದ್ದು ಗಂಡನ ನಂಬರು. ಸಿಕ್ಕಿಕೊಂಡವರು ಅದಕ್ಕೇ ಫೋನ್ ಮಾಡುತ್ತಿದ್ದರು, ಅವಳು ಎತ್ತುತ್ತಿದ್ದಳು.

"ಹೆದರ್ಬೇಡಿ. ಗಾಳಿ ಬರುತ್ತೆ, ಲಿಫ್ಟ್ ಬೀಳಲ್ಲ. ನೆಲದ ಮೇಲೆ ಕೂತ್ಕೊಳ್ಳಿ, ಚಪ್ಪಲಿ ಬಿಚ್ಚಿ. ನಮ್ಮ ಹುಡುಗ ಹೊರಟಿದ್ದಾನೆ. ಅಲ್ಲೀತನಕ ನನ್ನ ಹತ್ರ ಮಾತಾಡ್ತಾ ಇರಿ. ಇವತ್ತು ಏನು ಅಡುಗೆ ಮಾಡಿದ್ರಿ?"

ಚಪ್ಪಲಿ ಏಕೆ ಬಿಚ್ಚಬೇಕೆಂದು ಯಾರೂ ಕೇಳುತ್ತಿರಲಿಲ್ಲ. ಬರಿಗಾಲು ನೆಲಕ್ಕೆ ತಾಗಿದರೆ ಮನುಷ್ಯರಿಗೆ ಧೈರ್ಯ ಬರುತ್ತದೆ ಎಂದು ಗಂಡ ಹೇಳಿಕೊಟ್ಟಿದ್ದ.

ಅವಳಿಗೆ ಮಕ್ಕಳಿರಲಿಲ್ಲ. ಇದ್ದದ್ದು ಮಾವನ ಮನೆಯ ಮಹಡಿಯ ಮೇಲೊಂದು ಕೋಣೆ ಮತ್ತು ಆಫೀಸಿನ ಈ ಕುರ್ಚಿ. ಕುರ್ಚಿ ಇರುವವರೆಗೆ ಕೋಣೆಯೂ ಇರುತ್ತದೆ, ಕುರ್ಚಿ ಹೋದ ದಿನ ತಾನು ಆ ಮನೆಯಲ್ಲಿ ಉಳಿದುಹೋದ ನೆಂಟಳು ಮಾತ್ರ ಎಂಬುದು ಅವಳಿಗೆ ಯಾರೂ ಹೇಳದೆಯೇ ಗೊತ್ತಿತ್ತು.

"ಅಕ್ಕಾ, ಇದು ನಿಮ್ಮ ಕೈಯಲ್ಲೇ ಆಗ್ಬೇಕು," ಎಂದಳು ಓರಗಿತ್ತಿ. "ಒಂದು ಸಲ ಎಲ್ಲಾ ಒಂದೇ ಕಡೆ ಬಂದ್ಬಿಟ್ರೆ ಮುಗೀತು. ಆಮೇಲೆ ನಿಮಗೂ ಆರಾಮ."

ಆರಾಮ ಎಂಬ ಮಾತನ್ನು ಅವಳು ಹೇಳಿದ ರೀತಿ ಹಿರಿಸೊಸೆಗೆ ಸರಿಬರಲಿಲ್ಲ. ಆದರೂ ಕೂತಳು.

ಬ್ರೌಸರಿನಲ್ಲೇ ತೆರೆದುಕೊಳ್ಳುವ ಆ ವ್ಯವಸ್ಥೆಯಲ್ಲಿ ಮೇಲ್, ಕ್ಯಾಲೆಂಡರ್, ವಿಳಾಸ ಪುಸ್ತಕ ಎಲ್ಲ ಒಟ್ಟಿಗೆ ಇದ್ದವು. ಬದುಕಿದ್ದಾಗ ಗಂಡನೇ ಅದನ್ನು ಕಂಪನಿಗೆ ತಂದವನು. ಎಲ್ಲರ ಖಾತೆಗಳನ್ನು ತೆರೆಯುವ, ಮುಚ್ಚುವ ಅಧಿಕಾರ ಇನ್ನೂ ಅವನ ಖಾತೆಗೇ ಇತ್ತು. ಪಾಸ್‌ವರ್ಡ್ ಅವಳಿಗೆ ಗೊತ್ತಿತ್ತು. ಅದರ ಮೂಲಕ ಒಳಹೋಗಿ ಹೊಸ ಪುಸ್ತಕ ತೆರೆದಳು. ಯಾರ ಖಾತೆಯಿಂದ ತೆರೆಯುತ್ತೇವೋ ಅವರೇ ಪುಸ್ತಕದ ಒಡೆಯರು, ಉಳಿದವರಿಗೆ ಅದು ಹಂಚಿಕೆ. ಹಂಚುವಾಗ ಪ್ರತಿಯೊಬ್ಬರ ಹೆಸರಿನ ಮುಂದೆ ಒಂದು ಗುರುತು ಹಾಕಬೇಕು: ನೋಡಬಹುದು ಅಥವಾ ತಿದ್ದಬಹುದು. ಮೆಕ್ಯಾನಿಕ್‌ಗಳಿಗೆ ನೋಡುವ ಅನುಮತಿ ಕೊಟ್ಟಳು. ಮೈದುನ, ಓರಗಿತ್ತಿ ಮತ್ತು ತನಗೆ ತಿದ್ದುವ ಅನುಮತಿ. ಮಾವನಿಗೂ ತಿದ್ದುವ ಅನುಮತಿಯನ್ನೇ ಹಾಕಿದಳು. ಅವರು ತಿದ್ದುವುದಿಲ್ಲವೆಂದು ಗೊತ್ತಿತ್ತು, ಆದರೆ ನೋಡಬಹುದು ಎಂದಷ್ಟೇ ಹಾಕಿದರೆ ಹಿರಿಯರ ಮನಸ್ಸಿಗೆ ಚುಚ್ಚಬಹುದು.

ಆಮೇಲೆ ಮೈದುನನನ್ನು ಕರೆದು, "ನೋಡಿ, ಪುಸ್ತಕ ನಿಮ್ಮಣ್ಣನ ಖಾತೆ ಮೇಲೆ ನಿಂತಿದೆ. ಅದನ್ನ ಮುಟ್ಬಾರದು," ಎಂದಳು.

"ಆಯ್ತು ಅತ್ತಿಗೆ," ಎಂದ ಮೈದುನ, ತನ್ನ ಫೋನಿನಿಂದ ಕಣ್ಣೆತ್ತದೆ. "ನಂಗೂ ಆ ಅಡ್ಮಿನ್ ಅಧಿಕಾರ ಕೊಟ್ಬಿಡಿ. ಎಲ್ಲದಕ್ಕೂ ನಿಮ್ಮನ್ನ ಯಾಕೆ ಎಬ್ಬಿಸೋದು."

ಕೊಟ್ಟಳು. ಮನೆಯವನೇ ತಾನೆ.

ವಿಳಾಸಗಳನ್ನು ತುಂಬಲು ವಾರಗಟ್ಟಲೆ ಹಿಡಿಯಿತು. ಪ್ರತಿ ಕಟ್ಟಡಕ್ಕೂ ಫೋನ್ ಮಾಡಿ, ಕೀಲಿ ಈಗ ಯಾರ ಬಳಿ ಇದೆ ಎಂದು ಕೇಳಿ, ಹೆಸರು ನಂಬರು ಬರೆದು, ಕೆಳಗಿನ ಟಿಪ್ಪಣಿಯ ಜಾಗದಲ್ಲಿ ಒಂದೊಂದು ಸಾಲು ಸೇರಿಸಿದಳು. 'ಕಿವಿ ಮಂದ. ರಿಂಗ್ ಪೂರ್ತಿ ಆಗಲು ಬಿಡಿ.' 'ರಾತ್ರಿ ಪಾಳಿ. ಬೆಳಿಗ್ಗೆ ಮಲಗಿರುತ್ತಾರೆ, ಹೆಂಡತಿಯನ್ನು ಕೇಳಿ, ಕೀಲಿ ಕೊಡುತ್ತಾರೆ.' 'ಮೊಣಕಾಲು ನೋವು. ಮೆಟ್ಟಿಲು ಹತ್ತಿಸಬೇಡಿ, ನಾವೇ ಹೋಗಿ ಇಸಿದುಕೊಳ್ಳುವುದು.' ಕಂಪನಿಯ ಮೆಕ್ಯಾನಿಕ್‌ಗಳನ್ನೂ ಅದೇ ಪುಸ್ತಕಕ್ಕೆ ಸೇರಿಸಿದಳು.

ಅವರಲ್ಲಿ ಒಬ್ಬನನ್ನು ಎಲ್ಲರೂ ಸ್ಪ್ಯಾನರ್ ಎನ್ನುತ್ತಿದ್ದರು. ಸಣಕಲು ಮೈ, ಹಿಂದಿನ ಜೇಬಿನಲ್ಲಿ ಸದಾ ಒಂದು ಸ್ಪ್ಯಾನರ್, ಮಾತಾಡಿದರೆ ಎದೆಯಿಂದ ಸಣ್ಣಗೆ ಸೀಟಿ.

"ಅಕ್ಕಾ, ನನ್ ಫೋಟೋನೂ ಹಾಕಿ," ಎಂದು ಅವಳ ಹೆಗಲ ಮೇಲಿಂದ ಬಗ್ಗಿದ. "ಯಾರಾದ್ರೂ ನೋಡಿ ಮದುವೆಯಾದ್ರೂ ಆಗ್ಲಿ."

"ಈ ಪುಸ್ತಕದಲ್ಲಿರೋರೆಲ್ಲ ಕಾವಲುಗಾರರು ಕಣೋ."

"ಇರ್ಲಿ ಅಕ್ಕಾ, ಅವ್ರಿಗೂ ಹೆಣ್ಮಕ್ಕಳಿರ್ತಾರೆ."

ಅವನ ಹೆಸರಿನ ಕೆಳಗೆ ಅವಳು ಬರೆದಳು: 'ದಮ್ಮು ಇದೆ. ಲಿಫ್ಟಿನ ತಳದ ಗುಂಡಿಗೆ ಇಳಿಸುವ ಮುಂಚೆ ಇನ್‌ಹೇಲರ್ ಜೇಬಿನಲ್ಲಿದೆಯೇ ಕೇಳಿ. ಸ್ಕೂಟರಿನ ಡಬ್ಬಿಯಲ್ಲಿ ಮರೆತು ಹೋಗುತ್ತಾನೆ.'

ಪುಸ್ತಕ ಎಲ್ಲರ ಪರದೆಯ ಮೇಲೂ ಕಾಣಿಸಿಕೊಂಡ ದಿನ ಮಾವ ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತರು. ಬೆರಳನ್ನು ಪರದೆಗೆ ತಾಗಿಸಿ ಒಂದೊಂದೇ ಟಿಪ್ಪಣಿ ಓದಿದರು. ತುಟಿ ಅಲುಗುತ್ತಿತ್ತು. ಸ್ಪ್ಯಾನರನ ಹೆಸರಿನ ಹತ್ತಿರ ನಿಂತರು.

"ನಮ್ಮ ಹತ್ರ ಇಷ್ಟು ವರ್ಷ ಇದಾನೆ, ನಂಗೆ ಇದು ಗೊತ್ತೇ ಇರ್ಲಿಲ್ಲ," ಎಂದರು. "ಯಾರಿಗೂ ಕಾಣದ್ದು ನಿಂಗೆ ಕಾಣುತ್ತಲ್ಲಮ್ಮಾ."

ಹೋಗುವಾಗ ಅವಳ ಮೇಜಿನ ಮೇಲಿದ್ದ ಟೀ ಲೋಟದ ಮೇಲೆ ತಟ್ಟೆ ಮುಚ್ಚಿ ಹೋದರು. ಅವಳು ಆರಿಸಿ ಕುಡಿಯುತ್ತಾಳೆಂದು ಅವರಿಗೆ ಗೊತ್ತಿತ್ತು. ನೊಣ ಬೀಳಬಾರದು.

ಸಂಜೆಯ ಹೊತ್ತಿಗೆ ಓರಗಿತ್ತಿ ಟಿಪ್ಪಣಿಗಳನ್ನೆಲ್ಲ ಅಳಿಸಿಬಿಟ್ಟಿದ್ದಳು.

"ಇದೇನಕ್ಕಾ, ವಿಳಾಸ ಪುಸ್ತಕನಾ, ಆಸ್ಪತ್ರೆ ಚೀಟಿನಾ? ಇವನ ಮೊಣಕಾಲು, ಅವನ ಕಿವಿ. ಓದಿದ್ರೆ ನಂಗೇ ಮೈಕೈ ನೋವು ಬಂತು."

ಹಾಲ್‌ನಲ್ಲಿದ್ದವರು ನಕ್ಕರು. ಸ್ಪ್ಯಾನರ್ ನಗಲಿಲ್ಲ, ಕೆಮ್ಮಿದ. ಓರಗಿತ್ತಿ ಅವನ ಕಡೆ ತಿರುಗಿ, "ನೋಡು, ಮದುವೆ ಬೇಕಂತೆ. ಮೊದ್ಲು ಒಂದು ಜೊತೆ ಶ್ವಾಸಕೋಶ ಹುಡುಕ್ಕೋ," ಎಂದಳು. ಈ ಸಲ ನಗು ಇನ್ನೂ ಜೋರಾಗಿತ್ತು.

ಮುಂದಿನ ಸೋಮವಾರ ಹಿರಿಸೊಸೆ ಆಫೀಸಿಗೆ ಬಂದಾಗ ಹಾಲ್ ಖಾಲಿಯಿತ್ತು. ಎಲ್ಲರೂ ಒಳಕೋಣೆಯಲ್ಲಿದ್ದರು. ಗಾಜಿನ ಆಚೆ ಬಾಯಿಗಳು ಆಡುತ್ತಿದ್ದುದು ಕಾಣಿಸುತ್ತಿತ್ತು. ಸಭೆಯಿದೆ ಎಂದು ಅವಳಿಗೆ ಮೇಲ್ ಬಂದಿರಲಿಲ್ಲ. ಕೂತು ತೆರೆದರೆ ಪರದೆಯ ಮೇಲೆ ಒಂದೇ ಸಾಲು: ಈ ಖಾತೆ ಅಸ್ತಿತ್ವದಲ್ಲಿಲ್ಲ. ಬೆರಳು ತಪ್ಪಿತೇನೋ ಎಂದುಕೊಂಡು ಮತ್ತೆ ಒತ್ತಿದಳು. ಗಂಡನ ಖಾತೆಯಿಂದ ಹೋಗಲು ನೋಡಿದಳು. ಅದರ ಪಾಸ್‌ವರ್ಡ್ ಬದಲಾಗಿತ್ತು. ಎರಡನೇ ಸಲ ಒತ್ತುವಾಗ ಗಾಜಿನ ಆಚೆಯಿಂದ ಓರಗಿತ್ತಿ ತನ್ನನ್ನೇ ನೋಡುತ್ತಿರುವುದು ಕಂಡಿತು. ನಗುತ್ತಿರಲಿಲ್ಲ, ಅಡುಗೆ ಆಯಿತೇ ಎಂದು ಮುಚ್ಚಳ ತೆಗೆದು ನೋಡುವವರ ಹಾಗೆ ನೋಡುತ್ತಿದ್ದಳು.

ಮೈದುನ ಹೊರಗೆ ಬಂದು ಜಾಲರಿ ಬಾಗಿಲಿಗೆ ಒರಗಿ ನಿಂತ.

"ಅತ್ತಿಗೆ, ಪುಸ್ತಕ ತುಂಬಾ ಚೆನ್ನಾಗಿ ಮಾಡಿದೀರಿ. ಈಗ ಯಾರು ಬೇಕಾದ್ರೂ ನೋಡ್ಕೋಬಹುದು. ಸ್ವಲ್ಪ ದಿನ ತಂಗಿ ಮನೇಲಿ ಇದ್ದು ಬನ್ನಿ. ಇವಳ ತಮ್ಮ ಬರ್ತಿದ್ದಾನೆ, ಮೇಲಿನ ಕೋಣೆ ಅವನಿಗೆ ಬೇಕಾಗುತ್ತೆ."

"ಸ್ಟಿಕ್ಕರ್ ನಂಬರಿಗೆ ಫೋನ್ ಬಂದ್ರೆ?"

"ಹೊಸ ಸ್ಟಿಕ್ಕರ್ ಮಾಡ್ಸಿದೀವಿ. ಅದರ ಮೇಲೇ ಅಂಟಿಸ್ತಾರೆ."

"ಎಷ್ಟು ದಿನ ಇರ್ಲಿ?"

"ನೋಡೋಣ," ಎಂದ ಮೈದುನ. ಆಗಲೇ ಅವನ ಕೈ ಅವಳ ಕುರ್ಚಿಯ ಬೆನ್ನಿನ ಮೇಲಿತ್ತು.

ಮನೆಯಿಂದ ಹೊರಡುವಾಗ ಅವಳ ಚೀಲವನ್ನು ಮಾವನೇ ಮೆಟ್ಟಿಲಿಳಿಸಿ ಟ್ಯಾಕ್ಸಿಯಲ್ಲಿಟ್ಟರು. ಭಾರದ ಚೀಲ, ಏದುಸಿರು ಬಿಟ್ಟರು. ಬಾಗಿಲು ಮುಚ್ಚುವ ಮುಂಚೆ ಅವಳ ಸೆರಗು ಬಾಗಿಲಿಗೆ ಸಿಗದ ಹಾಗೆ ಒಳಗೆ ಸರಿಸಿದರು. ಇರು ಎಂದು ಮಾತ್ರ ಅನ್ನಲಿಲ್ಲ.

ತಂಗಿಯದು ಎರಡು ಕೋಣೆಯ ಮನೆ. ಮುಂದಿನ ಕೋಣೆಯ ಸೋಫಾ ರಾತ್ರಿ ಹಾಸಿಗೆಯಾಗುತ್ತಿತ್ತು. ತಂಗಿಯ ಗಂಡ ಒಳ್ಳೆಯವನು. ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಅವಳಿಗೆ ಎಚ್ಚರವಾಗದಿರಲೆಂದು ಬೂಟನ್ನು ಕೈಯಲ್ಲಿ ಹಿಡಿದು ಹೋಗಿ ಹೊರಗೆ ಮೆಟ್ಟಿಲ ಮೇಲೆ ಹಾಕಿಕೊಳ್ಳುತ್ತಿದ್ದ. ಆದರೆ ಟಿವಿ ನೋಡುವುದನ್ನು ಬಿಟ್ಟಿದ್ದ. ಅದು ಸೋಫಾದ ಎದುರಿಗಿತ್ತು. ಎಷ್ಟು ದಿನ ಬಿಡುತ್ತಾನೆ ಎಂದು ಹಿರಿಸೊಸೆ ಯೋಚಿಸುತ್ತಿದ್ದಳು.

ಗಂಡನ ಫೋನನ್ನು ಅವಳು ಚಾರ್ಜಿಗೆ ಹಾಕುತ್ತಲೇ ಇದ್ದಳು. ಹೊಸ ಸ್ಟಿಕ್ಕರ್ ಅಂಟಿಸಿದಂತೆಲ್ಲ ಅದು ರಿಂಗಾಗುವುದು ಕಡಿಮೆಯಾಯಿತು. ಒಮ್ಮೆ ಯಾರೋ ಹೆಂಗಸು ಒಳಗಿನಿಂದ ಅಳುತ್ತ ಫೋನ್ ಮಾಡಿದಾಗ ಚಪ್ಪಲಿ ಬಿಚ್ಚಿ ಎಂದಳು, ಹೊರಬರುವವರೆಗೂ ಮಾತಾಡಿಸಿದಳು. ಆ ದಿನ ಅವಳಿಗೆ ಊಟ ರುಚಿಸಿತು.

ಆಮೇಲೆ ಒಂದು ಮಧ್ಯಾಹ್ನ ಆ ಫೋನಿಗೆ ಒಂದರ ಹಿಂದೊಂದು ಮೆಸೇಜು ಬರತೊಡಗಿತು. ಎಲ್ಲದರಲ್ಲೂ ಒಂದೇ ಮಾತು: ಅಳಿಸಲಾದ ನಿಮ್ಮ ಖಾತೆಯನ್ನು ಮರಳಿ ತರಲು ಈ ಕೋಡ್ ಬಳಸಿ. ಹಿಂದೆಯೇ ಮೈದುನನ ಫೋನು.

"ಅತ್ತಿಗೆ, ಹೇಗಿದೀರಿ? ಊಟ ಆಯ್ತಾ? ಅಣ್ಣನ ಫೋನಿಗೆ ಒಂದು ಕೋಡ್ ಬಂದಿರಬೇಕು, ಸ್ವಲ್ಪ ಓದ್ತೀರಾ?"

"ಅವರ ಖಾತೆ ಅಳಿಸಿದ್ರಾ?"

ಮೈದುನ ವಿಷಯ ಬಿಡಿಸಿ ಹೇಳಬೇಕಾಯಿತು. ಅಳಿಸಿದ್ದರು. ಯಾರಿಗೆ ಮೇಲ್ ಬರೆಯಲು ಹೊರಟರೂ ಪಟ್ಟಿಯ ಮೊದಲಲ್ಲಿ ಅಣ್ಣನ ಹೆಸರೂ ಫೋಟೋನೂ ಬರುತ್ತಿತ್ತಂತೆ. ಸತ್ತವರು ದಿನಾ ಬೆಳಿಗ್ಗೆ ಬಂದು ಮುಖ ತೋರಿಸುವುದು ತನಗೆ ಆಗುವುದಿಲ್ಲ ಎಂದು ಓರಗಿತ್ತಿ ಒಂದು ಗುಂಡಿ ಒತ್ತಿದ್ದಳು. ಒಡೆಯನ ಜೊತೆ ಪುಸ್ತಕವೂ ಎಲ್ಲರ ಪರದೆಯಿಂದ ಹೋಗಿತ್ತು. ಒಂದು ಅವಧಿ ಮುಗಿಯುವವರೆಗೆ ಅದನ್ನು ಮರಳಿ ತರಬಹುದು, ಆದರೆ ಕೋಡ್ ಬರುವುದು ಗಂಡನ ನಂಬರಿಗೆ ಮಾತ್ರ. ಆ ನಂಬರನ್ನು ತಮ್ಮ ಹೆಸರಿಗೆ ಮಾಡಿಸೋಣವೆಂದರೆ ಅದಕ್ಕೆ ಹೆಂಡತಿಯ ಸಹಿ ಬೇಕು.

ತಂಗಿ ಅಡುಗೆಮನೆಯಿಂದ ಎದ್ದುಬಿದ್ದು ಬಂದು ಕೈಸನ್ನೆ ಮಾಡಿದಳು, ಬೇಡ, ಬೇಡ.

"ಆಮೇಲೆ ಮಾಡ್ತೀನಿ," ಎಂದು ಹಿರಿಸೊಸೆ ಫೋನ್ ಇಟ್ಟಳು.

"ಹೊಳೆ ದಾಟಿದ ಮೇಲೆ ಅಂಬಿಗ ಯಾಕೆ ಅಂದ್ರಲ್ಲ, ಈಗ ನೋಡು, ಇನ್ನೂ ಹೊಳೆ ಮಧ್ಯದಲ್ಲೇ ಇದಾರೆ!" ತಂಗಿ ಸೌಟು ಹಿಡಿದೇ ಕೂತಳು. "ಅಕ್ಕಾ, ಅವರ ಜುಟ್ಟು ನಿನ್ನ ಕೈಗೆ ಬಂದಿದೆ ಕಣೇ. ಬಿಟ್ಟೀಯಾ ಜೋಕೆ. ಮೊದ್ಲು ನಿನ್ನ ಕುರ್ಚಿ, ನಿನ್ನ ಕೋಣೆ. ಪುಸ್ತಕ ನಿನ್ನ ಹೆಸರಿಗೆ. ಆಮೇಲೆ ಕೋಡು."

"ಹಾಗೆಲ್ಲ ಕೇಳೋಕಾಗುತ್ತೇನೇ?"

"ಬಾಯಿ ಇದೆಯಲ್ಲ, ಕೇಳು. ಲಿಫ್ಟಲ್ಲಿರೋರಿಗೆ ಚಪ್ಪಲಿ ಬಿಚ್ಚು ಅಂತೀಯಲ್ಲ, ಅದೇ ಬಾಯಲ್ಲಿ ಕೇಳು."

ಸಂಜೆ ಮೈದುನನ ಫೋನು ಬಂದಾಗ ಅವಳು ಕೇಳಿದಳು. ಜೀವಮಾನದಲ್ಲಿ ಆ ಮನೆಯವರನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು. ತಡೆತಡೆದು ಹೇಳಿದರೂ ಮಾತು ಪೂರ್ತಿಯಾಯಿತು. ಕುರ್ಚಿ ಬೇಕು, ಕೋಣೆ ಬೇಕು, ಪುಸ್ತಕ ತನ್ನ ಖಾತೆಯಲ್ಲಿರಬೇಕು.

ಸ್ಪೀಕರಿನಲ್ಲಿ ಓರಗಿತ್ತಿ ಇದ್ದಳು.

"ವಾಹ್! ಸತ್ತ ಗಂಡನ ಫೋನ್ ಹಿಡ್ಕೊಂಡು ಒಳ್ಳೆ ವ್ಯಾಪಾರ ಶುರು ಮಾಡಿದೀರಿ ಅಕ್ಕಾ. ಅವರು ಬದುಕಿದ್ದಾಗ ನಿಮ್ಮಿಂದ ಒಂದು ಮಗು ಆಗ್ಲಿಲ್ಲ, ಹೋದ ಮೇಲೆ ಒಂದು ಕೋಡ್ ಆಗಿದೆ. ಅದನ್ನೇ ಎದೆಗೆ ಒತ್ತಿಕೊಂಡಿರಿ."

ಹಿರಿಸೊಸೆ ಫೋನನ್ನು ಕೆಳಗಿಟ್ಟು, ಅದರ ಗಾಜನ್ನು ಸೆರಗಿನಿಂದ ಒರೆಸಿದಳು. ಕೋಡನ್ನು ಕೊಡಲಿಲ್ಲ.

ದಿನಗಳು ಕಳೆದವು. ಮೈದುನ ಬೈದ, ಬೇಡಿದ, ಮತ್ತೆ ಬೈದ. ಅವಳು ಕೇಳಿದ್ದನ್ನೇ ಕೇಳಿದಳು. ಕೊನೆಗೊಮ್ಮೆ ಅವನು, "ನೋಡೋಣ ಅತ್ತಿಗೆ, ಅಪ್ಪನ ಹತ್ರ ಮಾತಾಡ್ತೀನಿ," ಎಂದ. ಅಪ್ಪ ಎಂಬ ಮಾತು ಕೇಳಿ ಅವಳಿಗೆ ಸಮಾಧಾನವಾಯಿತು. ತಂಗಿ ಆಗಲೇ ಅಕ್ಕನ ಬಟ್ಟೆಗಳನ್ನು ಇಸ್ತ್ರಿ ಮಾಡಿ ಮಡಿಸತೊಡಗಿದ್ದಳು.

ಮರುದಿನ ಬೆಳಿಗ್ಗೆ ಬಾಗಿಲು ತಟ್ಟಿದವರು ಮಾವ. ತಂಗಿ ತರಕಾರಿ ತರಲು ಹೋಗಿದ್ದಳು. ಮಾವ ಒಳಗೆ ಬಂದು ಕೂರಲಿಲ್ಲ. ಜೇಬಿನಿಂದ ಮಡಿಸಿದ ಕರವಸ್ತ್ರ ತೆಗೆದು ಬಿಡಿಸಿದರು. ಒಳಗೆ ಅವಳ ಕನ್ನಡಕವಿತ್ತು.

"ಡ್ರಾಯರಲ್ಲಿ ಬಿಟ್ಟು ಬಂದಿದ್ದೆಯಮ್ಮಾ. ಇಲ್ಲದೆ ಓದೋಕೆ ಕಷ್ಟ ಆಗಿರುತ್ತೆ. ಕಾಲು ಸಡಿಲ ಆಗಿತ್ತು, ತಿರುಪು ಹಾಕ್ಸಿದೀನಿ."

ಅವಳು ಹಾಕಿಕೊಂಡಳು. ಗಾಜು ಒರೆಸಿ ತಂದಿದ್ದರು. ಮಾವನ ಮುಖ ಸ್ಪಷ್ಟವಾಗಿ ಕಂಡಿತು. ಬೆವರಿತ್ತು.

"ಏನಾಯ್ತು ಮಾವ?"

"ಸ್ಪ್ಯಾನರ್," ಎಂದರು ಮಾವ. "ಗುಡ್ಡದ ರಸ್ತೆ ಕಟ್ಟಡದಲ್ಲಿ ಒಳಗೆ ಸಿಕ್ಕಿಕೊಂಡಿದಾನೆ. ಎರಡು ಮಹಡಿ ಮಧ್ಯೆ. ಮೆಷಿನ್ ರೂಮಿಗೆ ಕಬ್ಬಿಣದ ಬಾಗಿಲು, ಒಡೆಯೋಕಾಗ್ತಿಲ್ಲ. ಕಾವಲುಗಾರ ಹೊಸಬ, ಕೀಲಿ ಯಾರ ಹತ್ರ ಅಂತ ಅವನಿಗೆ ಗೊತ್ತಿಲ್ಲ. ಪುಸ್ತಕದಲ್ಲಿ ಮಾತ್ರ ಇದೆ."

"ಇನ್‌ಹೇಲರ್?"

"ಸ್ಕೂಟರ್ ಡಬ್ಬೀಲಿ."

ಹಿರಿಸೊಸೆ ತನ್ನ ಫೋನಿನಿಂದ ಸ್ಪ್ಯಾನರನಿಗೆ ಫೋನ್ ಮಾಡಿದಳು. ನೀವು ಕರೆ ಮಾಡಿದವರು ಸಂಪರ್ಕಕ್ಕೆ ಸಿಗುತ್ತಿಲ್ಲ. ಇನ್ನೊಮ್ಮೆ ಮಾಡಿದಳು. ಅದೇ.

"ಒಳಗೆ ಸಿಗ್ನಲ್ ಇಲ್ಲಮ್ಮಾ. ಬಾಗಿಲ ಹತ್ರ ಕಿವಿ ಇಟ್ರೆ ಆ ಸೀಟಿ ಕೇಳ್ಸುತ್ತೆ, ಅಷ್ಟೇ." ಮಾವ ಕರವಸ್ತ್ರದಿಂದ ಮುಖ ಒರೆಸಿಕೊಂಡರು. "ಗುಡ್ಡದ ರಸ್ತೇಲಿ ಕೀಲಿ ಯಾರ ಹತ್ರ, ನೆನಪಿದೆಯಾ ನಿಂಗೆ?"

ಅವಳು ಕಣ್ಣು ಮುಚ್ಚಿ ನೋಡಿದಳು. ಮೊಣಕಾಲು ನೋವಿನವರು ಎಂದು ನೆನಪಾಯಿತು, ಯಾವ ಮಹಡಿ, ಯಾವ ನಂಬರು ಎಂಬುದು ನೆನಪಾಗಲಿಲ್ಲ. ನೆನಪಿಡಬಾರದೆಂದೇ ತಾನೆ ಪುಸ್ತಕ ಮಾಡಿದ್ದು.

"ಮಾವ, ನನ್ನ ಕುರ್ಚಿ," ಎಂದು ಶುರು ಮಾಡಿದಳು. ಶುರು ಮಾಡಿದ್ದಕ್ಕೆ ಅವಳಿಗೇ ನಾಚಿಕೆಯಾಯಿತು.

"ನಾನಿದೀನಲ್ಲಮ್ಮಾ. ಮೊದ್ಲು ಅವನು ಹೊರಗೆ ಬರ್ಲಿ. ಆಮೇಲೆ ಎಲ್ಲಾ ಕೂತು ಮಾತಾಡೋಣ."

ಅವರು ತಮ್ಮ ಫೋನಿನಿಂದ ಮಗನಿಗೆ ಹೇಳಿದರು, ಈಗ ಕೋಡ್ ಕಳಿಸು ಎಂದು. ಗಂಡನ ಫೋನು ಮಿನುಗಿತು. ಅವಳು ಆಗಷ್ಟೇ ಸಿಕ್ಕ ಕನ್ನಡಕದಿಂದ ಒಂದೊಂದೇ ಅಂಕಿ ಓದಿದಳು. ಮಾವ ಒಂದೊಂದನ್ನೇ ತಮ್ಮ ಫೋನಿಗೆ ಒಪ್ಪಿಸಿದರು. ಕೊನೆಯ ಅಂಕಿಯನ್ನು ಅವಸರಕ್ಕೆ ತಪ್ಪಾಗಬಾರದೆಂದು ಅವಳೇ ಎರಡು ಸಲ ಹೇಳಿದಳು.

"ಬಂತಾ?" ಎಂದು ಕೇಳಿದರು ಮಾವ ಫೋನಿನಲ್ಲಿ. ಆ ಕಡೆಯಿಂದ ಏನೋ ಹೇಳಿದರು. "ಸರಿ," ಎಂದರು ಮಾವ.

ಅವಳು ನೀರು ಕೊಟ್ಟಳು. ನಿಂತೇ ಕುಡಿದರು. ಲೋಟವನ್ನು ಅವಳ ಕೈಗೆ ಕೊಡದೆ ತಾವೇ ಒಳಗೆ ಹೋಗಿ, ನಲ್ಲಿಯ ಕೆಳಗೆ ತೊಳೆದು ಬೋರಲು ಹಾಕಿದರು. ಬಾಗಿಲ ಹತ್ತಿರ ಒಂದು ಗಳಿಗೆ ನಿಂತರು. ಅವಳ ತಲೆಯ ಮೇಲೆ ಕೈಯಿಡಲು ಎತ್ತಿದವರು, ಕೈಯನ್ನು ಹಾಗೇ ಬಾಗಿಲ ಚಿಲಕಕ್ಕೆ ತಂದರು.

"ಬರ್ತೀನಮ್ಮಾ."

"ಹೊರಗೆ ಬಂದ ತಕ್ಷಣ ಅವನ ಕೈಲಿ ಒಂದು ಫೋನ್ ಮಾಡ್ಸಿ ಮಾವ."

ಅವರು ತಲೆಯಾಡಿಸಿ ಇಳಿದರು.

ಅವಳು ಸೋಫಾದ ಅಂಚಿನಲ್ಲಿ ಕೂತಳು. ಯಾಕೋ ಚಪ್ಪಲಿ ಬಿಚ್ಚಿದಳು. ತಂಗಿ ತರಕಾರಿ ಚೀಲ ತಂದು ಇಳಿಸಿದಾಗ ಅಕ್ಕನ ಎರಡು ಬದಿಗೂ ಒಂದೊಂದು ಫೋನಿತ್ತು. ನಡೆದದ್ದನ್ನು ಕೇಳಿ ತಂಗಿ ಬೈಯಲಿಲ್ಲ. "ಪಾಪ, ಆ ಹುಡುಗ," ಎಂದಳು. ಆಮೇಲೆ, "ಮುದುಕರು ಬಾಯಿಬಿಟ್ಟು ನಾನಿದೀನಿ ಅಂದ್ರಲ್ಲ. ಅಷ್ಟು ಸಾಕು. ನಿನ್ನ ನೀಲಿ ಸೀರೆ ಇಸ್ತ್ರಿ ಮಾಡಿಟ್ಟಿದೀನಿ, ಅದನ್ನೇ ಉಟ್ಕೊಂಡು ಹೋಗು," ಎಂದಳು.

ಮಧ್ಯಾಹ್ನ ಊಟದ ಹೊತ್ತಿಗೆ ಅವಳ ಫೋನು ರಿಂಗಾಯಿತು. ಸ್ಪ್ಯಾನರ್.

"ಅಕ್ಕಾ, ಫೋನ್ ಮಾಡಿದ್ರಾ? ಈಗ ನೋಡಿದೆ. ಎಷ್ಟು ದಿನ ಆಯ್ತಲ್ಲಕ್ಕಾ ನಿಮ್ಮ ದನಿ ಕೇಳಿ!"

"ಹೊರಗೆ ಬಂದ್ಯಾ?"

"ಈಗ ತಾನೇ ಬಂದೆ. ಮೈಯೆಲ್ಲಾ ಗ್ರೀಸು. ಬೆಳಿಗ್ಗೆಯಿಂದ ಗುಂಡೀಲೇ ಇದ್ದೆ, ಆಸ್ಪತ್ರೆ ಹಿಂದಿನ ಕಟ್ಟಡದ್ದು. ಅಲ್ಲಿ ಸಿಗ್ನಲ್ ಎಲ್ಲಿ ಬರುತ್ತೆ, ನಿಮಗೆ ಗೊತ್ತಲ್ಲ."

ಆಸ್ಪತ್ರೆ ಇದ್ದದ್ದು ಗುಡ್ಡದ ರಸ್ತೆಯಲ್ಲಲ್ಲ. ಹಿರಿಸೊಸೆ ಫೋನನ್ನು ಕಿವಿಗೆ ಒತ್ತಿಕೊಂಡಳು.

"ದೊಡ್ಡ ಯಜಮಾನರೇ ಕಳಿಸಿದ್ದು ಅಕ್ಕಾ, ನಂಬ್ತೀರಾ? ಬೆಳಿಗ್ಗೆ ಖುದ್ದಾಗಿ ಗೋದಾಮಿಗೆ ಇಳಿದು ಬಂದು, ಗುಂಡಿ ಪೂರ್ತಿ ತೊಳೆದು ಗ್ರೀಸ್ ಹಾಕೋತನಕ ಮೇಲೆ ಬರ್ಬೇಡ ಅಂದ್ರು. ಆಮೇಲೆ ಏನ್ ಕೇಳಿದ್ರು ಗೊತ್ತಾ? ಇನ್‌ಹೇಲರ್ ಜೇಬಲ್ಲಿದೆಯೇನೋ ಅಂತ! ಇಲ್ಲ, ಗಾಡೀಲಿದೆ ಅಂದ್ರೆ ತಾವೇ ಹೋಗಿ ಡಬ್ಬಿ ತೆಗೆದು ತಂದ್ಕೊಟ್ರು. ಇಷ್ಟು ವರ್ಷದಲ್ಲಿ ಒಂದು ದಿನ ಕೇಳಿದೋರಲ್ಲ. ವಯಸ್ಸಾದಂಗೆ ಮನಸು ಮೆತ್ತಗಾಗುತ್ತೆ ನೋಡಿ."

"ಹೌದು," ಎಂದಳು ಹಿರಿಸೊಸೆ.

"ಹಾಂ, ಇನ್ನೊಂದು. ಪುಸ್ತಕ ವಾಪಸ್ ಬಂದಿದೆ ಅಕ್ಕಾ. ಈಗ ನಿಮ್ಮ ಓರಗಿತ್ತಿ ಮೇಡಂ ಹೆಸರಲ್ಲಿದೆ. ನೀವ್ಯಾವಾಗ ಬರ್ತೀರಿ?"

ಅವನ ಎದೆಯ ಸೀಟಿ ಫೋನಿನಲ್ಲಿ ಸಣ್ಣಗೆ ಕೇಳುತ್ತಿತ್ತು. ಇನ್ನೊಂದು ಬದಿಗಿದ್ದ ಗಂಡನ ಫೋನು ಮಿನುಗಿತು. ಅವಳು ಓದಿದಳು: ನಿಮ್ಮ ಕೋರಿಕೆಯಂತೆ ಈ ನಂಬರನ್ನು ಖಾತೆಯಿಂದ ತೆಗೆದುಹಾಕಲಾಗಿದೆ.

"ಅಕ್ಕಾ? ಕೇಳಿಸ್ತಿದೆಯಾ?"

"ಕೇಳಿಸ್ತಿದೆ. ಊಟ ಮಾಡಿದ್ಯಾ?"

"ಇಲ್ಲ, ಈಗ ಮಾಡ್ಬೇಕು."

"ಕೈ ಸೀಮೆಎಣ್ಣೇಲಿ ತೊಳ್ಕೊಂಡು ಆಮೇಲೆ ಸೋಪು ಹಾಕು. ಬರೀ ಸೋಪಿಗೆ ಗ್ರೀಸ್ ಹೋಗಲ್ಲ," ಎಂದು ಅವಳು ಫೋನ್ ಇಟ್ಟಳು.

ಒಳಗಿನಿಂದ ತಂಗಿ ಕೂಗಿ ಕೇಳಿದಳು, "ಯಾರು, ಆ ಹುಡುಗನಾ? ಹೊರಗೆ ಬಂದ್ನಾ?"

"ಬಂದ."

"ಅಬ್ಬಾ, ಸದ್ಯ! ಮತ್ತೆ ಮುದುಕರು ಏನಂದ್ರಂತೆ? ನಿನ್ನ ಯಾವಾಗ ಕರೆಸ್ಕೊಳ್ತಾರಂತೆ?"

ಹಿರಿಸೊಸೆ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಳು. ಅದರ ಕಾಲನ್ನು ಬಿಚ್ಚಿದಳು, ಮಡಚಿದಳು. ಹೊಸ ತಿರುಪು ಗಟ್ಟಿಯಾಗಿ ಕೂತಿತ್ತು. ಇಸ್ತ್ರಿ ಮಾಡಿದ ನೀಲಿ ಸೀರೆ ಸೋಫಾದ ತೋಳಿನ ಮೇಲಿತ್ತು. ಅದನ್ನು ಮಡಿಕೆ ಕೆಡದ ಹಾಗೆ ಎತ್ತಿ ಚೀಲದ ತಳಕ್ಕೆ ಇಟ್ಟು, ಸಂಜೆ ತಂಗಿಯ ಗಂಡ ಬಂದರೆ ಕೂರಲು ಜಾಗ ಇರಲೆಂದು ಚೀಲವನ್ನು ಬಾಗಿಲ ಹಿಂದಕ್ಕೆ ಸರಿಸಿದಳು.